ಒಂದ್ಸಲ ಪೀಪ್ ಅನ್ನು, ತಂಗಿ

ಹೋದ ತಿಂಗಳು ಈ ಅಂಕಣದಲ್ಲಿ ಸ್ಕಾಟ್ಲೆಂಡಿನ ಹಳೆಯ ಕವಿ ರಾಬರ್ಟ್ ಹೆನ್ರಿಸನ್ ಬರೆದ ಪಟ್ಟಣದ ಇಲಿ, ಹಳ್ಳಿ ಇಲಿ ಎಂಬ ಅಕ್ಕ ತಂಗಿಯರ ಕತೆಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟು ಪತ್ರಗಳು ಬರುತ್ತವೆ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲದ ಪುಟಗಳೆಲ್ಲ ಅವನಿಗೇ.

ಪ್ರಶ್ನೆ: ಸೆಮಿನಾರ್‌ಗೆ ನನಗೆ ಇದೇ ಇಲಿಗಳ ಕತೆ ಸಿಕ್ಕಿದೆ ಮೇಡಂ. ಸ್ಕಾಟ್ಸ್ ಭಾಷೆಯ ಮೂಲ ತೆರೆದರೆ ಒಂದು ಸಾಲೂ ದಾಟಲಾಗುವುದಿಲ್ಲ. ಹೊಸ ಇಂಗ್ಲಿಷ್ ಅನುವಾದ ಓದಿಕೊಂಡು ಪೇಪರ್ ಬರೆದರೆ ನಡೆಯುತ್ತಾ?
– ಎಂ.ಎ. ವಿದ್ಯಾರ್ಥಿನಿ, ಧಾರವಾಡ

ಪೇಪರ್ ಬರೆಯಬಹುದು. ಆದರೆ ದಯವಿಟ್ಟು ಹಾಗೆ ಮಾಡಬೇಡಿ. ನಾನು ಶಿವಮೊಗ್ಗದಲ್ಲಿ ಪಾಠ ಮಾಡಲು ಶುರು ಮಾಡಿದ ವರ್ಷ ಇದೇ ಕತೆಯನ್ನು ಹೊಸ ಇಂಗ್ಲಿಷಿನಲ್ಲಿ ಹೇಳಿಕೊಟ್ಟೆ. ಅರ್ಧ ಗಂಟೆಯಲ್ಲಿ ಮುಗಿದುಹೋಯಿತು. ಹುಡುಗರು ‘ಇದ್ದುದರಲ್ಲಿ ತೃಪ್ತಿ’ ಅಂತ ಒಂದು ಸಾಲು ಬರೆದುಕೊಂಡು ಎದ್ದು ಹೋದರು. ಮಾರನೇ ವರ್ಷ ಮೂಲವನ್ನೇ ಗಟ್ಟಿಯಾಗಿ ಓದಿದೆ. ಆ ದಿನ ಬೆಲ್ ಹೊಡೆದರೂ ಯಾರೂ ಏಳಲಿಲ್ಲ.

ಮೊದಲು ಕವಿ ಯಾರು ಅಂತ ಎರಡು ಮಾತು. ಹೆನ್ರಿಸನ್ 15ನೇ ಶತಮಾನದ ಕೊನೆಯ ಭಾಗದವನು. ಊರು ಫೈಫ್ ಸೀಮೆಯ ಡನ್‌ಫರ್ಮ್‌ಲಿನ್. ಹಳೆಯ ಅಚ್ಚಿನ ಪುಸ್ತಕಗಳು ಅವನನ್ನು ‘ಡನ್‌ಫರ್ಮ್‌ಲಿನ್‌ನ ಶಾಲಾ ಮೇಷ್ಟ್ರು’ ಅಂತಲೇ ಕರೆಯುತ್ತವೆ. ಸತ್ತುಹೋದ ಕವಿಗಳನ್ನು ನೆನೆದು ಡನ್‌ಬಾರ್ ಎಂಬ ಇನ್ನೊಬ್ಬ ಸ್ಕಾಟಿಷ್ ಕವಿ ಅಳುವ ಪದ್ಯದಲ್ಲಿ ಇವನ ಹೆಸರೂ ಇದೆ. ಅವನು ಬರೆದ ಪ್ರಾಣಿ ಕತೆಗಳು 13. ಅವನ ಕೈಬರಹದ ಪ್ರತಿ ಒಂದೂ ಉಳಿದಿಲ್ಲ. ಬ್ಯಾನಟೈನ್ ಎಂಬಾತ 1568ರಲ್ಲಿ ಮಾಡಿಕೊಂಡ ಹಸ್ತಪ್ರತಿ, 1570 ಮತ್ತು 1571ರಲ್ಲಿ ಎಡಿನ್‌ಬರೋದಲ್ಲಿ ಆದ ಅಚ್ಚು, ಇಂಥವುಗಳಿಂದ ನಾವು ಓದುತ್ತಿದ್ದೇವೆ.

ಆ ಕಾಲದ ಶಾಲೆ ಅಂದರೆ ಲ್ಯಾಟಿನ್. ಈಸೋಪನ ಕತೆಗಳ ಲ್ಯಾಟಿನ್ ಪದ್ಯಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದರು. ಈ ಮೇಷ್ಟ್ರು ತನ್ನ ಮುನ್ನುಡಿಯಲ್ಲಿ ಏನು ಹೇಳುತ್ತಾನೆ ಗೊತ್ತಾ? ಲ್ಯಾಟಿನ್‌ನಿಂದ ‘ತಾಯ್ನುಡಿ’ಗೆ ತರುತ್ತೇನೆ, ಮನೆಮಾತಿನಲ್ಲೇ ಹೇಳುತ್ತೇನೆ ಅನ್ನುತ್ತಾನೆ. ಆ ಮನೆಮಾತೇ ಸ್ಕಾಟ್ಸ್, ಇಂಗ್ಲಿಷಿನ ಒಡಹುಟ್ಟು. ಅವನು ಬೇಕು ಅಂತಲೇ ಆರಿಸಿಕೊಂಡ ಮಾತನ್ನು ನಾವು ಪಕ್ಕಕ್ಕಿಟ್ಟು ಬೇರೆ ಇಂಗ್ಲಿಷಿನಲ್ಲಿ ಓದಿದರೆ ಅವನ ಅರ್ಧ ಕೆಲಸವನ್ನೇ ಅಳಿಸಿದಂತೆ.

ಈಗ ಓದುವುದು ಹೇಗೆ? ಕಣ್ಣಿನಿಂದ ಬೇಡ. ಗಟ್ಟಿಯಾಗಿ ಓದಿ. ಕ್ಯೂ, ಯು, ಎಚ್ ಮೂರೂ ಸೇರಿ ಬಂದರೆ ಹೆದರಬೇಡಿ, ಅದು ಇಂಗ್ಲಿಷಿನ ‘ವ್ಹ’ ಅಷ್ಟೇ. ‘ಕ್ವಿಲ್ಕ್’ ಥರ ಕಾಣುವುದು ‘ವಿಚ್’. ಪದದ ಕೊನೆಗೆ ‘ಇಟ್’ ಬಂದರೆ ಆಗಿಹೋದ ಕೆಲಸ, ‘ಆಂಡ್’ ಬಂದರೆ ಆಗುತ್ತಿರುವ ಕೆಲಸ. ‘ಕ್ರೈಆಂಡ್’ ಅಂದರೆ ಕೂಗುತ್ತಾ. ‘ಸ್ಟೋನ್’ ಇಲ್ಲಿ ‘ಸ್ಟೇನ್’, ‘ಹೋಮ್’ ಇಲ್ಲಿ ‘ಹೇಮ್’. ‘ರ’ವನ್ನು ನುಂಗಬೇಡಿ. ನಮ್ಮ ಕನ್ನಡದ ರಕಾರವನ್ನು ಹಾಗೇ ಹೇಳಿ, ಸರಿಯಾಗಿ ಕೂರುತ್ತದೆ. ಲಂಡನ್ ಉಚ್ಚಾರ ಕಲಿಯಲು ನಾವು ಪಟ್ಟ ಪಾಡೆಲ್ಲ ಇಲ್ಲಿ ಬೇಕಾಗಿಲ್ಲ.

ಇನ್ನು ಪದ್ಯದ ಕಟ್ಟು. ಕತೆಯ ಒಂದೊಂದು ಪದ್ಯಕ್ಕೂ ಏಳು ಸಾಲು. ಷಟ್ಪದಿ ಓದಿದವರಿಗೆ ಗೊತ್ತು, ಮೂರನೇ ಮತ್ತು ಆರನೇ ಸಾಲು ಉದ್ದವಾಗಿ ಬಂದು ಉಸಿರು ನಿಲ್ಲಿಸುತ್ತವೆ. ಇಲ್ಲಿ ಕೊನೆಯ ಎರಡು ಸಾಲುಗಳು ಒಂದೇ ಪ್ರಾಸದಲ್ಲಿ ಬಂದು ಡಬ್ಬಿಯ ಮುಚ್ಚಳ ಹಾಕಿದ ಹಾಗೆ ಮುಚ್ಚಿಕೊಳ್ಳುತ್ತವೆ. ಒಂದೇ ಒಂದು ಉದಾಹರಣೆ ಕೊಡುತ್ತೇನೆ. ಅಕ್ಕ ತಂಗಿ ಇಲಿಗಳು ಪಟ್ಟಣದ ಮನೆಯ ಉಗ್ರಾಣದಲ್ಲಿ ಊಟ ಮಾಡುತ್ತಾ ಹಬ್ಬದ ಹಾಡು ಕೂಗುತ್ತಿವೆ. ಅಷ್ಟರಲ್ಲಿ ಉಗ್ರಾಣಿ ಬರುತ್ತಾನೆ, ಬೀಗದ ಕೈಗಳು ಅವನ ‘ಹಾಂಡ್’ನಲ್ಲಿ. ಬಾಗಿಲು ತೆಗೆದ, ಇವರು ಊಟಕ್ಕೆ ಕೂತಿದ್ದುದನ್ನು ‘ಫಾಂಡ್’. ಅಂದರೆ ಕಂಡ. ಹಾಂಡ್, ಫಾಂಡ್. ಕೀಲಿ ತಿರುಗಿದ ಸದ್ದು ಕೇಳಿಸಿತಲ್ವಾ? ಹೊಸ ಇಂಗ್ಲಿಷಿನಲ್ಲಿ ಅದು ‘ಹ್ಯಾಂಡ್’ ಮತ್ತು ‘ಫೌಂಡ್’ ಆಗುತ್ತದೆ. ಪ್ರಾಸ ಹೋಯಿತು, ಕೀಲಿಯ ಸದ್ದೂ ಹೋಯಿತು.

ಅರ್ಥವಾಗದ ಪದಕ್ಕೆ ಹಳೆಯ ಸ್ಕಾಟ್ಸ್‌ನ ದೊಡ್ಡ ನಿಘಂಟು ಇದೆ. 12 ಸಂಪುಟ, ಮುಗಿದದ್ದು 2002ರಲ್ಲಿ. ಈಗ ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಅನುವಾದವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. ಐರಿಷ್ ಕವಿ ಸೀಮಸ್ ಹೀನಿ ಏಳು ಕತೆಗಳನ್ನು ಚೆನ್ನಾಗಿ ತಂದಿದ್ದಾರೆ. ಆದರೆ ದಿನಕ್ಕೆ ಮೂರೇ ಪದ್ಯ ಓದಿದರೂ ಮೊದಲು ಮೂಲ, ಆಮೇಲೆ ಅನುವಾದ. ಹತ್ತು ದಿನದಲ್ಲಿ ಕಿವಿ ಪಳಗುತ್ತದೆ. ನನ್ನ ಹಳ್ಳಿ ವಿದ್ಯಾರ್ಥಿಗಳು ಎಲ್ಲರಿಗಿಂತ ಬೇಗ ಪಳಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಮನೆಯಲ್ಲಿ ಒಂದು ಕನ್ನಡ, ಪುಸ್ತಕದಲ್ಲಿ ಇನ್ನೊಂದು ಕನ್ನಡ ಅಂತ ಬೆಳೆದವರಿಗೆ ಇದು ಹೊಸ ಕಷ್ಟವೇ ಅಲ್ಲ.

ಪ್ರಶ್ನೆ: ಪಟ್ಟಣದ ಇಲಿ, ಹಳ್ಳಿ ಇಲಿ ಕತೆ ಚಿಕ್ಕ ಮಕ್ಕಳಿಗೂ ಗೊತ್ತು. ಭಯದ ಮೃಷ್ಟಾನ್ನಕ್ಕಿಂತ ನೆಮ್ಮದಿಯ ಗಂಜಿ ಮೇಲು, ಅಷ್ಟೇ ತಾನೇ? ಇದರಲ್ಲಿ ಎಂ.ಎ. ಮಕ್ಕಳು ಓದುವಂಥದ್ದು ಏನಿದೆ?
– ನಿವೃತ್ತ ಬ್ಯಾಂಕ್ ನೌಕರರು, ಮೈಸೂರು

ನೀವು ಹೇಳಿದ ನೀತಿ ಪದ್ಯದ ಕೊನೆಯಲ್ಲಿ ಇದೆ, ಸುಳ್ಳಲ್ಲ. ಹೆನ್ರಿಸನ್ ಪ್ರತಿ ಕತೆಗೂ ಕೊನೆಗೆ ನೀತಿಯ ಪದ್ಯಗಳನ್ನು ಬೇರೆಯಾಗಿಯೇ ಇಡುತ್ತಾನೆ. ಆದರೆ ಕತೆಯ ಒಳಗೆ ಅವನು ಇಟ್ಟಿರುವುದೆಲ್ಲ ಆ ನೀತಿಯ ಅಳತೆಗೆ ಸಿಗುವುದಿಲ್ಲ. ನನಗೆ ಇಷ್ಟು ವರ್ಷ ಇದನ್ನು ಬಿಡಲು ಆಗದೇ ಇರುವುದು ಅದಕ್ಕೇ.

ಮೊದಲಿಂದ ನೋಡಿ. ಅಕ್ಕ ಇಲಿ ಪಟ್ಟಣದಲ್ಲಿ. ಆಗಿನ ಸ್ಕಾಟ್ಲೆಂಡಿನ ಪಟ್ಟಣಗಳಲ್ಲಿ ವ್ಯಾಪಾರಿಗಳ ಸಂಘ ಇರುತ್ತಿತ್ತು, ಸದಸ್ಯರಿಗೆ ಸುಂಕ ಮಾಫಿ. ಕವಿ ಈ ಹೆಣ್ಣಿಲಿಯನ್ನು ಆ ಸಂಘದ ‘ಅಣ್ಣತಮ್ಮ’ನಾಗಿ ಮಾಡಿದ್ದಾನೆ. ಚೀಸ್, ಹಿಟ್ಟು, ಪೆಟ್ಟಿಗೆ, ಕಣಜ ಎಲ್ಲಿ ಬೇಕಾದರೂ ಓಡಾಡಬಹುದು, ಸುಂಕ ಕಟ್ಟಬೇಕಾಗಿಲ್ಲ. ಒಂದೇ ಸಾಲಿನಲ್ಲಿ ಒಂದು ಊರಿನ ಕಾನೂನು ಪುಸ್ತಕವೇ ಬಂದುಬಿಟ್ಟಿದೆ.

ತಂಗಿ ಇಲಿ ಹಳ್ಳಿಯಲ್ಲಿ. ಅವಳು ಪಾಪದ ರೈತಳಾ? ಅಲ್ಲ. ಬೇರೆಯವರ ಹೊಲದ ಕಾಳು ತಿಂದು, ಅವರಿಗೆ ನಷ್ಟ ಮಾಡಿ, ಕಾನೂನಿಗೆ ಹೊರಗಾದವರ ಹಾಗೆ ಬದುಕುತ್ತಿದ್ದಳು ಅನ್ನುತ್ತಾನೆ ಕವಿ. ಚಳಿಗಾಲದಲ್ಲಿ ಹಸಿವು, ಚಳಿ, ತುಂಬಾ ಕಷ್ಟ. ಅವಳ ಗೂಡಿನಲ್ಲಿ ದೀಪವಿಲ್ಲ. ಯಾಕೆ ಅಂದರೆ ಇಂಥ ಸಣ್ಣ ಕಳ್ಳರಿಗೆ ಬೆಳಕು ಆಗಿಬರುವುದಿಲ್ಲವಂತೆ! ಅಂದರೆ ಅಕ್ಕನೂ ಕಳ್ಳಿ, ತಂಗಿಯೂ ಕಳ್ಳಿ. ಒಬ್ಬಳಿಗೆ ಲೈಸೆನ್ಸ್ ಇದೆ, ಇನ್ನೊಬ್ಬಳಿಗೆ ಇಲ್ಲ.

ಒಂದು ದಿನ ಅಕ್ಕನಿಗೆ ತಂಗಿಯ ನೆನಪಾಗುತ್ತದೆ. ಬರಿಗಾಲಲ್ಲಿ, ಕೈಯಲ್ಲಿ ಊರುಗೋಲು ಹಿಡಿದು, ಬಡ ಯಾತ್ರಿಕಳ ಹಾಗೆ ಹೊರಡುತ್ತಾಳೆ. ಉಳುಮೆಯ ಸಾಲಿನಿಂದ ಸಾಲಿಗೆ, ಬದುವಿನಿಂದ ಬದುವಿಗೆ ಕೂಗುತ್ತಾ ಹೋಗುತ್ತಾಳೆ. ಬಾ ಈಚೆಗೆ, ನನ್ನ ಮುದ್ದು ತಂಗಿ, ಒಂದ್ಸಲ ಪೀಪ್ ಅನ್ನು! ಆ ದನಿ ಕೇಳಿ ತಂಗಿ ಬರುತ್ತಾಳೆ. ಇಬ್ಬರೂ ನಗುತ್ತಾರೆ, ಅಳುತ್ತಾರೆ, ಮುತ್ತಿಡುತ್ತಾರೆ, ತಬ್ಬಿಕೊಳ್ಳುತ್ತಾರೆ. ನಾನು ತೀರ್ಥಹಳ್ಳಿ ಕಡೆಯವಳು. ಒಂದು ಮನೆಗೂ ಇನ್ನೊಂದು ಮನೆಗೂ ಮಧ್ಯೆ ಕಾಡು. ಅಜ್ಜಿ ಗದ್ದೆ ಬದುವಿನಲ್ಲಿ ನಿಂತು ‘ಕೂ’ ಹಾಕಿದರೆ ಆಚೆಯಿಂದ ಅವರ ತಂಗಿ ‘ಕೂ’ ಅನ್ನುತ್ತಿದ್ದರು. ಮನುಷ್ಯರು ಕಾಣುತ್ತಿರಲಿಲ್ಲ, ದನಿ ಮಾತ್ರ. ಈ ಪದ್ಯ ಓದುವಾಗೆಲ್ಲ ನನಗೆ ಆ ಬದುವೇ ಕಣ್ಣಿಗೆ ಬರುತ್ತದೆ.

ಆಮೇಲೆ ಊಟ. ತಂಗಿ ತನ್ನಲ್ಲಿದ್ದ ಕಾಯಿಬೀಜ, ಬಟಾಣಿ ತಂದಿಡುತ್ತಾಳೆ. ಅಕ್ಕ ಮೂಗು ಮುರಿಯುತ್ತಾಳೆ. ದಿನವೂ ಇದನ್ನೇ ತಿನ್ನುತ್ತೀಯಾ? ನನ್ನ ಹಲ್ಲು ಮುರಿದುಹೋಗುತ್ತದೆ! ಆಗ ತಂಗಿಯ ಮಾತು ನೋಡಿ. ಅಲ್ಲಿಯವರೆಗೆ ಅಕ್ಕ ತಂಗಿ ಅಂತಿದ್ದವಳು ತಟ್ಟನೆ ‘ಮೇಡಂ’ ಅನ್ನುತ್ತಾಳೆ. ತಪ್ಪು ನಿಮ್ಮದು ಮೇಡಂ, ನಾವಿಬ್ಬರೂ ಒಂದೇ ಹೊಟ್ಟೆಯಲ್ಲಿ ಮಲಗಿದ್ದವರು ಅಂತ ಅಮ್ಮ ಹೇಳಿದ್ದಾಳೆ. ಮನಸ್ಸಿಗೆ ನೋವಾದಾಗ ನಮ್ಮ ಹೆಣ್ಣುಮಕ್ಕಳೂ ಹೀಗೇ ಅಲ್ವಾ? ಏಕವಚನ ಬಿಟ್ಟು ಬಹುವಚನಕ್ಕೆ ಹೋಗುವುದು ಪ್ರೀತಿಗಲ್ಲ.

ಕಾಯಿಬೀಜದ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ. ಮುನ್ನುಡಿಯಲ್ಲಿ ಹೆನ್ರಿಸನ್ ಹೇಳುತ್ತಾನೆ: ಚಿಪ್ಪು ಗಟ್ಟಿ, ಒಡೆದರೆ ಒಳಗಿನ ತಿರುಳು ಸಿಹಿ, ಕತೆಯೂ ಹಾಗೇ. ಕೆಲವೇ ಪುಟ ಆದ ಮೇಲೆ ಅದೇ ಬೀಜವನ್ನು ಒಡೆಯಲು ಒಲ್ಲೆ, ಹಲ್ಲು ನೋಯುತ್ತದೆ ಅನ್ನುವ ಇಲಿಯನ್ನು ತಂದು ಕೂರಿಸುತ್ತಾನೆ. ಇದು ಸುಮ್ನೆ ಬಂದದ್ದು ಅಂತ ನನಗೆ ಅನಿಸುವುದಿಲ್ಲ. ಮೇಷ್ಟ್ರಿಗೆ ತನ್ನ ಕ್ಲಾಸಿನ ಹಿಂದಿನ ಬೆಂಚು ಚೆನ್ನಾಗಿ ಗೊತ್ತಿತ್ತು.

ಅಕ್ಕ ತಂಗಿಯನ್ನು ಪಟ್ಟಣಕ್ಕೆ ಕರೆದೊಯ್ಯುತ್ತಾಳೆ. ನಿಮ್ಮ ಈಸ್ಟರ್ ಹಬ್ಬದ ಊಟಕ್ಕಿಂತ ನನ್ನ ಗುಡ್ ಫ್ರೈಡೇ ಉಪವಾಸವೇ ಮೇಲು ಅಂತ ಜಂಬ. ಚೀಸ್, ಬೆಣ್ಣೆ, ಮಾಂಸ, ಮೀನು. ಬಾಯಿ ರುಚಿಗೆ ಅಂತ ಮಸಾಲೆಯ ಬದಲು ಒಂದು ಬಿಳಿ ಮೇಣದ ಬತ್ತಿ! ದೀಪ ಹಚ್ಚುವ ವಸ್ತು ಇಲ್ಲಿ ತಿನ್ನುವ ತಿಂಡಿ. ತಂಗಿ ಕೇಳುತ್ತಾಳೆ, ಇದೆಲ್ಲ ಎಷ್ಟು ದಿನ ಅಕ್ಕಾ? ಅಕ್ಕನ ಉತ್ತರ: ಎಂದೆಂದಿಗೂ, ಅದಕ್ಕಿಂತ ಜಾಸ್ತಿ ದಿನವೂ.

ಉಗ್ರಾಣಿ ಬಂದಾಗ ಇಬ್ಬರೂ ಕೈ ತೊಳೆಯಲೂ ನಿಲ್ಲಲಿಲ್ಲ. ಅಕ್ಕನಿಗೆ ಬಿಲ ಇತ್ತು, ಹೋದಳು. ತಂಗಿಗೆ ಬಿಲ ಇಲ್ಲ. ಹೆದರಿ ಮೂರ್ಛೆ ಬಿದ್ದಳು. ಉಗ್ರಾಣಿ ಹೋದ ಮೇಲೆ ಅಕ್ಕ ಈಚೆ ಬಂದು ಕೂಗುತ್ತಾಳೆ. ಎಲ್ಲಿದ್ದೀಯಾ ತಂಗಿ, ಪೀಪ್ ಅನ್ನು! ಹೊಲದಲ್ಲಿ ಕೂಗಿದ ಅದೇ ಪದ. ಅಲ್ಲಿ ಅದು ಪ್ರೀತಿಯ ಕರೆ. ಇಲ್ಲಿ, ಬದುಕಿದ್ದೀಯಾ ಅಂತ ಕೇಳುವ ಕರೆ. ಇದನ್ನು ಕವಿ ಎಲ್ಲೂ ಬಿಡಿಸಿ ಹೇಳುವುದಿಲ್ಲ. ಒಂದು ಪದವನ್ನು ಎರಡು ಸಲ ಇಟ್ಟ, ಅಷ್ಟೇ.

ಆಮೇಲೆ ಗಿಬ್ ಅನ್ನುವ ಬೆಕ್ಕು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತ ನಾವು ಅನ್ನುತ್ತೇವಲ್ಲ, ಆ ಗಾದೆಯನ್ನು ಇವನು ಒಂದಿಡೀ ಪದ್ಯ ಮಾಡಿದ್ದಾನೆ. ಕಾಲಿಂದ ಕಾಲಿಗೆ ಎಸೆಯುತ್ತದೆ. ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಒಮ್ಮೆ ಹುಲ್ಲಿನ ಕೆಳಗೆ ಓಡಲು ಬಿಡುತ್ತದೆ, ಒಮ್ಮೆ ಕಣ್ಣು ಮುಚ್ಚಿ ಕಣ್ಣಾಮುಚ್ಚಾಲೆ ಆಡುತ್ತದೆ. ‘ಒಮ್ಮೆ’ ಅನ್ನುವ ಪದ ಮತ್ತೆ ಮತ್ತೆ ಬಂದು ಸಾಲುಗಳೇ ಬೆಕ್ಕಿನ ಪಂಜದ ಹಾಗೆ ಆಡುತ್ತವೆ. ಹಿಂದಕ್ಕೆ ತಿರುಗಿ ನೋಡಿದರೆ, ಅಕ್ಕ ತಂಗಿ ಸೇರಿದಾಗ ನಗು, ಅಳು, ಮುತ್ತು ಎಲ್ಲಕ್ಕೂ ಇದೇ ‘ಒಮ್ಮೆ, ಒಮ್ಮೆ’ ಬಳಸಿದ್ದ. ಕೊನೆಗೆ ತಂಗಿ ಗೋಡೆಗೂ ಪರದೆಗೂ ನಡುವಿನ ಸಂದಿಯಲ್ಲಿ ಹತ್ತಿ, ಉಗುರಿನಿಂದ ಜೋತುಬಿದ್ದು ಉಳಿಯುತ್ತಾಳೆ.

ಅವಳು ಮನೆಗೆ ಹೋದಳು. ಆಮೇಲೆ ಹೇಗಿದ್ದಳೋ ನಾನು ಹೇಳಲಾರೆ, ಕೇಳಿದ್ದನ್ನು ಹೇಳುತ್ತೇನೆ ಅನ್ನುತ್ತಾನೆ ಕವಿ. ಗೂಡು ಚಿಕ್ಕದಾದರೂ ಉಣ್ಣೆಯಷ್ಟು ಬೆಚ್ಚಗಿತ್ತಂತೆ, ಕಾಳು ಬೀಜಗಳು ‘ಬಟ್ ಅಂಡ್ ಬೆನ್’ ತುಂಬಿದ್ದವಂತೆ. ಬಟ್ ಅಂದರೆ ಹೊರಗಿನ ಕೋಣೆ, ಬೆನ್ ಅಂದರೆ ಒಳಕೋಣೆ. ಎರಡು ಕೋಣೆಯ ಪುಟ್ಟ ಮನೆಗೆ ಸ್ಕಾಟ್ಲೆಂಡಿನಲ್ಲಿ ಈಗಲೂ ಇದೇ ಹೆಸರು.

ಈಗ ನೀವೇ ಹೇಳಿ. ಶುರುವಿನಲ್ಲಿ ಹಸಿವು, ಚಳಿ ಅಂದಿದ್ದ ಗೂಡು ಕೊನೆಯಲ್ಲಿ ಬೆಚ್ಚಗೆ ತುಂಬಿದ್ದು ಹೇಗೆ? ಗೂಡು ಬದಲಾಯಿತಾ, ಬೆಕ್ಕಿನ ಬಾಯಿಂದ ಬಂದವಳ ಕಣ್ಣು ಬದಲಾಯಿತಾ? ಕವಿ ‘ಕೇಳಿದ್ದು’ ಅಂತ ಯಾಕೆ ಕೈ ತೊಳೆದುಕೊಂಡ? ನೀತಿ ಪದ್ಯ ಈ ಪ್ರಶ್ನೆಗಳನ್ನು ಮುಟ್ಟುವುದಿಲ್ಲ. ಎಂ.ಎ. ಮಕ್ಕಳು ಓದಬೇಕಾದ್ದು ಇದನ್ನೇ ಸಾರ್.

ಪ್ರಶ್ನೆ: ಇವನ ಕತೆಗಳಲ್ಲಿ ಕೋರ್ಟು ಕಚೇರಿ ಬರುತ್ತದೆ ಅಂತ ಬರೆದಿದ್ದಿರಿ. ಯಾವ ಕತೆ?
– ವಕೀಲರು, ಹುಬ್ಬಳ್ಳಿ

ಕುರಿ ಮತ್ತು ನಾಯಿಯ ಕತೆ. ಕುರಿ ನನಗೆ ಒಂದು ರೊಟ್ಟಿ ಬಾಕಿ ಕೊಡಬೇಕು ಅಂತ ನಾಯಿ ಚರ್ಚಿನ ಕೋರ್ಟಿನಲ್ಲಿ ದಾವೆ ಹಾಕುತ್ತದೆ. ನ್ಯಾಯಾಧೀಶ ತೋಳ. ಗುಮಾಸ್ತ ನರಿ. ನಾಯಿಯ ಪರ ವಕೀಲರು ಹದ್ದು ಮತ್ತು ರಣಹದ್ದು. ಸಮನ್ಸ್ ಜಾರಿ ಮಾಡುವ ಅಮೀನ ಕಾಡುಕಾಗೆ. ಎಷ್ಟೋ ಕುರಿಗಳ ಕಣ್ಣು ಕುಕ್ಕಿದವನು ಅವನು ಅಂತ ಕವಿ ಅಲ್ಲೇ ಸೇರಿಸುತ್ತಾನೆ.

ನಿಮಗೆ ಇಷ್ಟವಾಗುವುದು ಕುರಿಯ ತಕರಾರು ಅರ್ಜಿ. ಅದು ಮೊದಲೇ ಅಳುವುದಿಲ್ಲ. ಕಾನೂನು ಹಿಡಿದು ಮಾತಾಡುತ್ತದೆ. ಈ ಜಡ್ಜ್ ನನ್ನ ಶತ್ರು, ಈ ಜಾಗ ದೂರ, ಈ ಹೊತ್ತು ಕೋರ್ಟಿನ ಹೊತ್ತಲ್ಲ ಅನ್ನುತ್ತದೆ. ನಿಜ, ಸಂಜೆಯ ಚುಕ್ಕಿ ಮೂಡಿದ ಮೇಲೆ ಕೋರ್ಟು ಕೂತಿದೆ. ತಕರಾರು ಕೇಳಲು ಕರಡಿಯನ್ನೂ ಬ್ಯಾಜರ್ ಎಂಬ ಬಿಲ ತೋಡುವ ಪ್ರಾಣಿಯನ್ನೂ ಪಂಚರಾಗಿ ನೇಮಿಸುತ್ತಾರೆ. ಅವರು ದಪ್ಪ ಪುಸ್ತಕಗಳನ್ನು ತಿರುವಿ ಹಾಕಿ ಕುರಿಯ ವಿರುದ್ಧವೇ ಹೇಳುತ್ತಾರೆ. ಎಲ್ಲ ವಿಧಿಯೂ ಕ್ರಮವಾಗಿ ನಡೆಯುತ್ತದೆ, ನ್ಯಾಯ ಮಾತ್ರ ಸಿಗುವುದಿಲ್ಲ. ಕುರಿ ಬೆನ್ನಿನ ಉಣ್ಣೆ ಮಾರಿ, ರೊಟ್ಟಿ ಕೊಂಡುಕೊಟ್ಟು, ಬರಿಮೈಯಲ್ಲಿ ಹೊಲಕ್ಕೆ ಹೋಗುತ್ತದೆ. ಚಳಿಗಾಲ.

ನೀತಿಯ ಭಾಗದಲ್ಲಿ ಕುರಿ ಅಂದರೆ ಬಡಜನ, ತೋಳ ಅಂದರೆ ದುಡ್ಡು ಕೊಟ್ಟು ಅಧಿಕಾರ ಪಡೆದ ಷೆರಿಫ್, ಅಂದರೆ ಸೀಮೆಯ ನ್ಯಾಯಾಧಿಕಾರಿ ಅಂತ ಬಿಡಿಸಿ ಹೇಳುತ್ತಾನೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸುವುದಿಲ್ಲ. ತಾನೇ ಆ ದಾರಿಯಲ್ಲಿ ಹೋಗುವಾಗ ಚಳಿಗೆ ನಡುಗುತ್ತಿದ್ದ ಕುರಿಯ ಮಾತು ಕೇಳಿಸಿತು ಅನ್ನುತ್ತಾನೆ. ಅದು ಆಕಾಶ ನೋಡಿ ದೇವರನ್ನು ಕೇಳುತ್ತಿತ್ತು, ಸ್ವಾಮೀ, ಯಾಕೆ ಇಷ್ಟು ಹೊತ್ತು ಮಲಗಿದ್ದೀಯೇ? ಈ ಸಾಲನ್ನು ಕ್ಲಾಸಿನಲ್ಲಿ ಓದುವಾಗ ನನ್ನ ದನಿ ಪ್ರತಿ ಸಲವೂ ಕಟ್ಟುತ್ತಿತ್ತು.

ಪ್ರಶ್ನೆ: ಇವೆಲ್ಲ ನಮ್ಮ ಪಂಚತಂತ್ರದಿಂದಲೇ ಹೋದ ಕತೆಗಳಲ್ಲವೇ?
– ಓದುಗರು, ಬಳ್ಳಾರಿ

ಪಂಚತಂತ್ರ ಪಹ್ಲವಿ, ಅರಬ್ಬಿ, ಲ್ಯಾಟಿನ್ ಹೀಗೆ ದಾಟಿ ಯುರೋಪಿಗೆ ಹೋದದ್ದು ನಿಜ. ಆದರೆ ಹೆನ್ರಿಸನ್‌ನ ದಾರಿ ಬೇರೆ. ಅವನದು ಮುಖ್ಯವಾಗಿ ಲ್ಯಾಟಿನ್ ಈಸೋಪ ಮತ್ತು ಯುರೋಪಿನ ನರಿ ಕತೆಗಳು. ಎಲ್ಲವನ್ನೂ ನಮ್ಮದು ಅನ್ನುವುದು ಬೇಡ. ಹೋಲಿಕೆ ಬೇಕಿದ್ದರೆ ದುರ್ಗಸಿಂಹನನ್ನು ಓದಿ. ಅವನು 11ನೇ ಶತಮಾನದಲ್ಲೇ ವಸುಭಾಗನ ಪಂಚತಂತ್ರವನ್ನು ಕನ್ನಡಕ್ಕೆ ತಂದವನು. ಶಾಸ್ತ್ರದ ಭಾಷೆಯಿಂದ ತನ್ನ ಭಾಷೆಗೆ ಪ್ರಾಣಿಗಳನ್ನು ಕರೆತರುವಾಗ ಇಬ್ಬರೂ ಏನೇನು ಸೇರಿಸಿದರು ಅಂತ ನೋಡಿದರೆ ಒಳ್ಳೆಯ ಪಿಎಚ್.ಡಿ. ಆಗುತ್ತದೆ.

ಪ್ರಶ್ನೆ: ಕೆಲಸಕ್ಕೆ ಅಂತ ಎಡಿನ್‌ಬರೋಗೆ ಬಂದು ಎರಡು ವರ್ಷವಾಯಿತು. ಡನ್‌ಫರ್ಮ್‌ಲಿನ್‌ನಲ್ಲಿ ನೋಡುವಂಥದ್ದು ಏನಿದೆ?
– ದಾವಣಗೆರೆಯ ಸಾಫ್ಟ್‌ವೇರ್ ಎಂಜಿನಿಯರ್

ರೈಲಿನಲ್ಲೇ ಹೋಗಿ. 1890ರ ಕೆಂಪು ಫೋರ್ತ್ ಸೇತುವೆಯ ಮೇಲೆ ಹೋಗುತ್ತದೆ. ಮಗಳ ಜೊತೆ ನಾನು ಹೋದ ದಿನ ಜಿಟಿಜಿಟಿ ಮಳೆ. ಅಲ್ಲಿನ ಅಬ್ಬೆ, ಅಂದರೆ ಹಳೆಯ ಕ್ರೈಸ್ತ ಮಠದ ಚರ್ಚಿನ ಗೋಪುರದ ಮೇಲೆ ದೊರೆ ರಾಬರ್ಟ್ ಬ್ರೂಸ್‌ನ ಹೆಸರನ್ನು ಕಲ್ಲಿನ ದೊಡ್ಡ ಅಕ್ಷರಗಳಲ್ಲಿ ಕೆತ್ತಿದ್ದಾರೆ, ದೂರದಿಂದಲೇ ಓದಬಹುದು. ಒಳಗೆ 12ನೇ ಶತಮಾನದ ದಪ್ಪ ಕಂಬಗಳು. ಕೆಲವಕ್ಕೆ ಅಂಕುಡೊಂಕು ಗೆರೆಯ ಕೆತ್ತನೆ ಇದೆ. ಹೆನ್ರಿಸನ್‌ನ ಕಾಲಕ್ಕೇ ಅವು ಹಳೆಯ ಕಂಬಗಳು.

ಇನ್ನೊಂದು ಕೆಲಸ ಮಾಡಿ. ಆಫೀಸಿನಲ್ಲಿ ಅಲ್ಲಿಯದೇ ಊರಿನವರು ಇದ್ದರೆ ಇಲಿ ಪದ್ಯದ ಒಂದು ಪುಟ ಓದಿಸಿ ಕೇಳಿ. 2011ರ ಜನಗಣತಿಯಲ್ಲಿ 15 ಲಕ್ಷಕ್ಕೂ ಜಾಸ್ತಿ ಜನ ಸ್ಕಾಟ್ಸ್ ಮಾತಾಡುತ್ತೇವೆ ಅಂದಿದ್ದಾರೆ. ಶಾಲೆಯಲ್ಲಿ ಅದನ್ನು ಕೆಟ್ಟ ಇಂಗ್ಲಿಷ್ ಅಂತ ತಿದ್ದಿಸಿಕೊಂಡವರೂ ಅವರಲ್ಲಿ ಇರುತ್ತಾರೆ. ಓದಿದ ಮೇಲೆ ಅವರ ಮುಖ ನೋಡಿ, ನನಗೂ ಬರೆದು ತಿಳಿಸಿ.

ಪ್ರಶ್ನೆ: ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಈ ಇಲಿ ಕತೆ ಹೇಳಬೇಕು ಅಂತ ಆಸೆ. ಯಾವ ಕನ್ನಡದಲ್ಲಿ ಹೇಳಲಿ? ‘ಪೀಪ್’ಗೆ ಕನ್ನಡದಲ್ಲಿ ಏನನ್ನಬೇಕು?
– ಪ್ರಾಥಮಿಕ ಶಾಲೆಯ ಶಿಕ್ಷಕಿ, ಶಿರಸಿ

ನಿಮ್ಮ ಮಕ್ಕಳು ಮನೆಯಲ್ಲಿ ಆಡುವ ಕನ್ನಡದಲ್ಲೇ ಹೇಳಿ. ಉಗ್ರಾಣಕ್ಕೆ, ಕಣಜಕ್ಕೆ, ಬದುವಿಗೆ ಅವರ ಅಜ್ಜಿ ಏನನ್ನುತ್ತಾರೋ ಅದೇ ಪದ ಇರಲಿ. ಸ್ಕಾಟ್ಸ್‌ನಲ್ಲಿ ಇಬ್ಬರೂ ಬರೀ ‘ಸಿಸ್ಟರ್’. ನಮ್ಮಲ್ಲಿ ಹಾಗೆ ಬಿಡಲಾಗುವುದಿಲ್ಲ. ಪಟ್ಟಣದವಳೇ ದೊಡ್ಡವಳು ಅಂತ ಕವಿ ಹೇಳಿದ್ದಾನೆ, ಹಾಗಾಗಿ ಅವಳು ಅಕ್ಕ. ಮೇಣದ ಬತ್ತಿ ತಿನ್ನುವುದನ್ನು ಮರೆಯಬೇಡಿ, ಮಕ್ಕಳು ಅದಕ್ಕೇ ಕಾಯುತ್ತಾರೆ.

‘ಪೀಪ್’ ಮಾತ್ರ ಬದಲಿಸಬೇಡಿ. ಇಲಿಯ ದನಿಗೆ ಯಾವ ಊರಾದರೇನು? ಹೊಲದಲ್ಲಿ ಅಕ್ಕ ಕೂಗುವಾಗ ಅರ್ಧ ಕ್ಲಾಸು ‘ಪೀಪ್’ ಅನ್ನಲಿ. ಉಗ್ರಾಣಿ ಬಂದುಹೋದ ಮೇಲೆ ಅಕ್ಕ ಮತ್ತೆ ಕೂಗುತ್ತಾಳಲ್ಲ, ಆಗ ನೀವು ಸುಮ್ಮನಿರಿ. ಮಕ್ಕಳೂ ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಆಮೇಲೆ ಯಾರೋ ಒಂದು ಮಗು ತಾನಾಗೇ ಮೆಲ್ಲಗೆ ‘ಪೀಪ್’ ಅನ್ನುತ್ತದೆ. ಅಲ್ಲಿಯವರೆಗೆ ಬೆಕ್ಕನ್ನು ಒಳಗೆ ಬಿಡಬೇಡಿ.